ಒಕ್ಕಲು ಯಾವಾಗ ಆದದ್ದು?

ನಿಮ್ಮ ಪಿಎಚ್‌ಡಿ ಯಾವುದರಲ್ಲಿ ಅಂತ ಕೇಳಿದರೆ ಇವತ್ತಿಗೂ ತಡವರಿಸುತ್ತೇನೆ. ಓದಿದ್ದು ಆರ್ಕಿಟೆಕ್ಚರ್. ಕೈಗೆ ಅಂಟಿದ್ದು ಚಿತ್ರ. ಸೇರಿಕೊಂಡದ್ದು ಸಮಾಜಶಾಸ್ತ್ರದ ಗೈಡ್ ಹತ್ತಿರ. ಭೂಸುಧಾರಣೆ ಆದ ಮೇಲೆ ಉಡುಪಿ ಕಡೆಯ ಮನೆಗಳು ಹೇಗೆ ಬದಲಾದವು ಅನ್ನುವುದು ವಿಷಯ. ನಮ್ಮ ಊರಿನಲ್ಲಿ ಕಲೆಯ ಸಂಶೋಧನೆ ಅಂದರೆ ಮಂಗಳೂರಿನ ಅಲೋಶಿಯಸ್ ಚಾಪೆಲ್‌ನ ಚಿತ್ರಗಳಾ ಅನ್ನುತ್ತಾರೆ, ಹಳೇ ಮನೆ ಅಂದರೆ ಮಣಿಪಾಲದ ಹೆರಿಟೇಜ್ ವಿಲೇಜ್ ನೋಡಿದ್ದೀರಾ ಅನ್ನುತ್ತಾರೆ, ಭೂಸುಧಾರಣೆ ಅಂದ ಕೂಡಲೇ ಮಾತ್ರ ಮಾತು ನಿಲ್ಲಿಸಿ ಮುಖ ನೋಡಿ, ನಿಮ್ಮದು ಯಾವ ಮನೆ ಅಂತ ಕೇಳುತ್ತಾರೆ.

ಅದಕ್ಕೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಅಪ್ಪನ ಕಡೆ ಡಿಕ್ಲರೇಶನ್‌ನಲ್ಲಿ ಗದ್ದೆ ಹೋಯಿತು. ಅಮ್ಮನ ಕಡೆ ಬಂತು. ನಮ್ಮ ಮನೆಯಲ್ಲಿ ಆ ಮಾತು ಊಟದ ಹೊತ್ತಿಗೆ ತೆಗೆಯುವುದಿಲ್ಲ, ಅಷ್ಟೇ.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ. ಇಲ್ಲಿ ಎರಡು ಥರದ ಗೇಣಿ ಇತ್ತು. ಮೂಲಗೇಣಿ ಅಂದರೆ ಕಾಯಂ, ಅವರನ್ನು ಸುಮ್ನೆ ಎಬ್ಬಿಸಲು ಬರುತ್ತಿರಲಿಲ್ಲ. ಚಾಲಗೇಣಿ ಹಾಗಲ್ಲ, ಧಣಿಯ ಮನಸ್ಸು ಇದ್ದಷ್ಟು ದಿನ. ಗೇಣಿ ಲೆಕ್ಕ ಅಕ್ಕಿಯ ಮುಡಿಯಲ್ಲಿ, ಮುಡಿಗೆ 42 ಸೇರು. 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ತಿದ್ದುಪಡಿ ಬಂತು. 1974ರ ಮಾರ್ಚ್ 1ರಿಂದ ಗೇಣಿ ಭೂಮಿ ಸರಕಾರಕ್ಕೆ ಸೇರಿತು, ಉಳುತ್ತಿದ್ದವರು ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಡಬೇಕಾಯಿತು. ನಮ್ಮಲ್ಲಿ ಅದಕ್ಕೆ ‘ಡಿಕ್ಲರೇಶನ್ ಹಾಕುವುದು’ ಅಂತಲೇ ಹೆಸರು.

ಮೊದಲ ವರ್ಷ ನಾನು ಮಾಡಿದ್ದು ದಂಡ. 64 ಪ್ರಶ್ನೆಗಳ ಒಂದು ಫಾರ್ಮ್ ಮಾಡಿಕೊಂಡು ಮನೆ ಮನೆ ತಿರುಗಿದೆ. ‘ಭೂಮಿಯ ಹಕ್ಕು ದೊರೆತ ನಂತರ ನಿಮ್ಮ ಜೀವನಮಟ್ಟ ಸುಧಾರಿಸಿತೇ?’ ಈ ಪ್ರಶ್ನೆಗೆ ಒಬ್ಬರು ಬಿಡದೆ ಎಲ್ಲರೂ ಹೇಳಿದ್ದು ಒಂದೇ: ‘ಅಡ್ಡಿಯಿಲ್ಲ.’ ಅಡ್ಡಿಯಿಲ್ಲ ಅನ್ನುವುದನ್ನು ಯಾವ ಕಾಲಮ್ಮಿಗೆ ಹಾಕುವುದು ಮಾರಾಯ್ರೆ? ಇನ್ನೊಂದು ತಲೆನೋವು ಸಹಿಯದ್ದು. ವಿಶ್ವವಿದ್ಯಾಲಯದ ಎಥಿಕ್ಸ್ ಕಮಿಟಿಯವರಿಗೆ ಪ್ರತಿಯೊಬ್ಬರ ಒಪ್ಪಿಗೆ ಪತ್ರ ಬೇಕು, ಸಹಿ ಸಮೇತ. ಜನರ ಒಳ್ಳೆಯದಕ್ಕೇ ಮಾಡಿದ ನಿಯಮ. ಆದರೆ ಕಾಗದ ಮತ್ತು ಪೆನ್ನು ಹೊರಗೆ ತೆಗೆದ ಕೂಡಲೇ ಹಿರಿಯರು ಕುರ್ಚಿಯಲ್ಲಿ ಹಿಂದೆ ಸರಿಯುತ್ತಿದ್ದರು. ಗೊತ್ತಿಲ್ಲದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಗದ್ದೆ ಕಳಕೊಂಡ ಕಥೆ ಪ್ರತಿ ಮನೆಯಲ್ಲೂ ಒಂದಾದರೂ ಇದೆ. ಮೂರು ಸಲ ಬರೆದು, ಗುದ್ದಾಡಿ, ಕೊನೆಗೆ ಬಾಯಿಮಾತಿನ ಒಪ್ಪಿಗೆಯನ್ನು ರೆಕಾರ್ಡ್ ಮಾಡಿದರೆ ಸಾಕು ಅಂತ ಅನುಮತಿ ತೆಗೆದುಕೊಂಡೆ. ಈ ಕೆಲಸಕ್ಕೆ ಇಳಿಯುವವರು ಇದನ್ನು ಮೊದಲೇ ಕೇಳಿಕೊಳ್ಳಿ. ನನಗೆ ಐದು ತಿಂಗಳು ಹೋಯಿತು.

ತಿರುವು ಸಿಕ್ಕಿದ್ದು ಒಂದು ತಪ್ಪಿನಿಂದ. ಆಟಿ ತಿಂಗಳು, ಹೊರಗೆ ಜಡಿಮಳೆ. ಕಾಪು ಕಡೆಯ ಒಂದು ಮನೆಯಲ್ಲಿ ಅಜ್ಜಿಯ ಹತ್ತಿರ, ನಿಮ್ಮ ಒಕ್ಕಲು ಯಾವಾಗಿನಿಂದ ಅಂತ ಕೇಳಿದೆ. ನಾನು ಕೇಳಿದ್ದು ಗೇಣಿಯ ಒಕ್ಕಲು, ಯಾವ ಇಸವಿಯಿಂದ ಆ ಭೂಮಿ ಮಾಡುತ್ತಿದ್ದರು ಅಂತ. ಅಜ್ಜಿ ಬೆರಳು ಮಡಚಿ ಲೆಕ್ಕ ಹಾಕಿ, ‘ಒಕ್ಕಲಾ? ಡಿಕ್ಲರೇಶನ್ ಆಗಿ ಎರಡು ವರ್ಷಕ್ಕೆ. ಹಂಚು ಹಾಕಿದ ಮೇಲೆ’ ಅಂದರು. ಅವರು ಹೇಳಿದ್ದು ಮನೆ ಒಕ್ಕಲು, ಗೃಹಪ್ರವೇಶ. ತುಳುವಿನಲ್ಲೂ ಎರಡಕ್ಕೂ ಒಕ್ಕೆಲೇ. ಹಾಗಾದರೆ ಅದಕ್ಕೆ ಮುಂಚೆ ಎಲ್ಲಿದ್ದಿರಿ ಅಂತ ಕೇಳಿದೆ. ‘ಇಲ್ಲೇ. ಮುಳಿಹುಲ್ಲಿನ ಮನೆ. ನೆಲ ನಮ್ಮದಲ್ಲ, ಹಂಚು ಹಾಕಿ ಎಂತ ಮಾಡುವುದು?’

ಅಷ್ಟೇ ಮಾತು. ನಾನು ಪ್ರಶ್ನಾವಳಿ ಚೀಲದೊಳಗೆ ಹಾಕಿ ಅಳತೆಯ ಟೇಪು ತೆಗೆದೆ.

ಅಲ್ಲಿಂದ ಮುಂದೆ ಮಾಡಿದ್ದೆಲ್ಲ ಮನೆ ಅಳೆಯುವ ಕೆಲಸ. 30 ಮೀಟರಿನ ಬಟ್ಟೆ ಟೇಪು, ಪೆನ್ಸಿಲು, ದೊಡ್ಡ ಶೀಟು, 1:50 ಸ್ಕೇಲು. ಲೇಸರ್ ಮೀಟರ್ ಇತ್ತು, ಬಿಟ್ಟೆ. ಬಿಸಿಲಿನ ಅಂಗಳದಲ್ಲಿ ಅದರ ಕೆಂಪು ಚುಕ್ಕೆ ಕಾಣುವುದಿಲ್ಲ ಅನ್ನುವುದು ಒಂದು. ಜಾಸ್ತಿ ಮುಖ್ಯವಾದದ್ದು, ಟೇಪಿಗೆ ಎರಡು ತುದಿ ಇರುತ್ತದೆ. ಇನ್ನೊಂದು ತುದಿಯನ್ನು ಮನೆಯವರೇ ಹಿಡಿಯಬೇಕು. ಹಿಡಿದವರು ಸುಮ್ನೆ ನಿಲ್ಲುವುದಿಲ್ಲ, ಈ ಗೋಡೆ ಮಾವ ತೀರಿಕೊಂಡ ವರ್ಷ ಕಟ್ಟಿದ್ದು, ಈ ಬಾಗಿಲು ಮುಚ್ಚಿದ್ದು ಅಣ್ಣ ತಮ್ಮ ಪಾಲಾದಾಗ, ಇಲ್ಲಿ ದನದ ಹಟ್ಟಿ ಇತ್ತು ಈಗ ಬಾತ್‌ರೂಮ್ ಅಂತ ಹೇಳುತ್ತಾ ಹೋಗುತ್ತಾರೆ, ನಾನು ಬರೆಯುತ್ತಾ ಹೋಗುತ್ತೇನೆ.

ಹಂಚಿನ ವಿಷಯದಲ್ಲಿ ಒಮ್ಮೆ ಮುಗ್ಗರಿಸಿದೆ. ಮುಚ್ಚಿಗೆ ಇಲ್ಲದ ಮನೆಗಳಲ್ಲಿ ಅಟ್ಟ ಹತ್ತಿದರೆ ಹಂಚಿನ ಅಡಿ ನೇರ ಕಾಣುತ್ತದೆ, ಪಕ್ಕಾಸು ಮತ್ತು ರೀಪಿನ ನಡುವೆ ಕಾರ್ಖಾನೆಯ ಹೆಸರು ಓದಬಹುದು. ಒಂದು ಸಣ್ಣ ಮನೆಯಲ್ಲಿ ಬಾಸೆಲ್ ಮಿಶನ್ ಹೆಸರು, ಪಕ್ಕದಲ್ಲಿ 1865 ಅಂತ ಸಿಕ್ಕಿತು. ಖುಷಿಯಲ್ಲಿ ಗೈಡ್‌ಗೆ ಫೋನ್ ಮಾಡಿದೆ. 1865 ಅನ್ನುವುದು ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಇಸವಿ, ಆ ಹಂಚು ಸುಟ್ಟ ಇಸವಿ ಅಲ್ಲ. ನಾಚಿಕೆ ಆಯಿತು. ಆದರೆ ಅಷ್ಟು ಹಳೇ ಹಂಚು ಈಚೆಗಿನ ಮನೆಯ ಮೇಲೆ ಹೇಗೆ ಬಂತು ಅಂತ ಕೇಳಿದಾಗ ಮನೆಯ ಯಜಮಾನರು ನಕ್ಕರು. ಊರಿನ ಗುತ್ತಿನ ಮನೆ, ಅಂದರೆ ಧಣಿಗಳ ದೊಡ್ಡ ಮನೆ, ಪಾಲಾಗಿ ಒಂದು ಭಾಗ ಕೆಡವಿದಾಗ ಅಗ್ಗಕ್ಕೆ ತಂದದ್ದಂತೆ. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ಆಸ್ತಿ ಬರುವ ಮನೆಗಳು 1949ರ ಮದ್ರಾಸ್ ಕಾಯ್ದೆಯ ನಂತರ ಕವರು ಕವರಾಗಿ (ತಾಯಿಯ ಕಡೆಯ ಕವಲು ಕವಲಾಗಿ) ಪಾಲಾದವು ಅಂತ ಓದಿದ್ದೆ. ಆ ಪಾಲಿನ ಹಂಚು ಹಳೇ ಒಕ್ಕಲಿನ ತಲೆಯ ಮೇಲೆ ಕೂತದ್ದನ್ನು ನೋಡಿದ್ದು ಅಲ್ಲೇ.

ಗುತ್ತಿನ ಮನೆಗೂ ಹೋದೆ. ಹೋಗದಿದ್ದರೆ ಅರ್ಧ ಕೆಲಸ ಆಗುತ್ತಿತ್ತು. ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು, ಜಗಲಿಯಿಂದ ಚಾವಡಿಗೆ ಇನ್ನೊಂದು. ನನ್ನ ಜೊತೆ ಬಂದದ್ದು ಮೊದಲು ಅದೇ ಮನೆಯ ಒಕ್ಕಲಾಗಿದ್ದ ಹಿರಿಯರು. ಎರಡನೇ ಮೆಟ್ಟಿಲಿನ ಮೇಲೆ ಟೇಪಿನ ತುದಿ ಇಟ್ಟು, ‘ಮುಡಿ ಇಳಿಸುವಾಗ ನಾವು ಇಲ್ಲಿವರೆಗೆ’ ಅಂದರು. ಸಿಟ್ಟೇನೂ ಇರಲಿಲ್ಲ, ಅಳತೆ ಹೇಳುವ ಹಾಗೆ ಹೇಳಿದರು. ಮನೆಯ ಹೆಂಗಸು ಒಳಗಿನಿಂದ ಕುರ್ಚಿ ತಂದು ಚಾವಡಿಯಲ್ಲಿ ಹಾಕಿ, ಕೂತುಕೊಳ್ಳಿ ಅಂತ ಎರಡು ಸಲ ಕರೆದರು. ಅವರ ಗದ್ದೆಯೂ ಹೋಗಿದೆ, ಮಕ್ಕಳು ಮುಂಬೈಯಲ್ಲಿ, ಮಾಡು ಸೋರುತ್ತದೆ. ಹಿರಿಯರು ಜಗಲಿಯಲ್ಲೇ ಕೂತರು. ನನ್ನ ಪ್ಲಾನ್‌ನಲ್ಲಿ ಆ ಮೆಟ್ಟಿಲು ಏಳು ಇಂಚು.

ತಾಲೂಕು ಮಟ್ಟದ ಒಂದು ಕಚೇರಿಯಲ್ಲಿ ಹಳೇ ಫೈಲಿಗೆ ಐದು ವಾರ ಅಲೆದೆ, ಅದು ಎಲ್ಲರಿಗೂ ಗೊತ್ತಿರುವ ಕಥೆ. ಸಿಕ್ಕಿದ ಸ್ಕೆಚ್‌ಗಳಲ್ಲಿ ಗದ್ದೆಯ ಗಡಿ, ತೋಡು, ಸರ್ವೆ ನಂಬರು ಎಲ್ಲ ಸ್ಪಷ್ಟ ಇತ್ತು. ಮನೆ ಮಾತ್ರ ಖಾಲಿ ಚೌಕ, ಉಗುರಿನಷ್ಟು ಅಗಲ.

ಗೈಡ್‌ಗೆ ನನ್ನ ಚಿತ್ರಗಳ ಬಗ್ಗೆ ಅನುಮಾನ ಇತ್ತು. ಚಿತ್ರ ಅಧ್ಯಾಯದ ಕೊನೆಗೆ ಅಂಟಿಸುವ ಅಲಂಕಾರ, ಸಾಕ್ಷಿ ಅಲ್ಲ ಅಂತ. ಜಗಳ ಆಡಿದೆ ಅಂತಲೇ ಹೇಳಬಹುದು. ಕೊನೆಗೆ ಶೀಟುಗಳನ್ನು ಆಯಾ ಮನೆಯ ಜಗಲಿಯಲ್ಲೇ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗುಬಿಟ್ಟೆ, ಕೆಳಗೆ ಪೆನ್ಸಿಲ್ ಇಟ್ಟೆ. ಅಕ್ಕಪಕ್ಕದವರು ಬಂದರು. ಮುಳಿಹುಲ್ಲಿನ ಮನೆಯನ್ನು ನಾನು ಊಹೆಯಿಂದ ಬರೆದಿದ್ದೆ, ಯಾಕೆಂದರೆ ಅಳೆಯಲು ಒಂದೂ ಉಳಿದಿಲ್ಲ. ಉಳಿಸಿ ಇಡುವುದು ಯಾವಾಗಲೂ ದೊಡ್ಡ ಮನೆಗಳನ್ನೇ, ಹುಲ್ಲಿನ ಮನೆಗೆ ಹುಲ್ಲು ಬದಲಿಸದೆ ಎರಡು ಮಳೆಗಾಲ ಬಿಟ್ಟರೆ ಅದು ಮಣ್ಣು. ಹೆಂಗಸರು ಅದರ ಮೇಲೆ ಒಲೆ ಆಚೆ ಸರಿಸಿದರು, ಒನಕೆಯ ಜಾಗ ಗುರುತು ಹಾಕಿದರು, ಬಾಣಂತಿ ಮಲಗುವ ಮೂಲೆಗೆ ಗೆರೆ ಎಳೆದರು. ಆ ಗೀಚಿದ ಶೀಟನ್ನೇ ಹಾಗೆಯೇ ಪ್ರಬಂಧಕ್ಕೆ ಹಾಕಿದೆ. ಗೈಡ್ ತುಂಬ ಹೊತ್ತು ನೋಡಿ ಏನೂ ಹೇಳಲಿಲ್ಲ, ಕೆಂಪು ಪೆನ್ನೂ ತೆಗೆಯಲಿಲ್ಲ.

ಕಾಪುವಿನ ಅಜ್ಜಿಯ ಮನೆಗೆ ನಾಲ್ಕನೇ ಸಲ ಹೋದಾಗ ಫೇರ್ ಮಾಡಿದ ಪ್ಲಾನ್ ತೋರಿಸಿದೆ. ಕನ್ನಡಕ ಹಾಕಿ, ಶೀಟು ತಿರುಗಿಸಿ ತಿರುಗಿಸಿ ನೋಡಿ, ಬಾವಿ ಇನ್ನೂ ತಪ್ಪು ಅಂದರು. ಇಲ್ಲ ಅಜ್ಜಿ, ಅಳೆದೇ ಹಾಕಿದ್ದು ಅಂದೆ. ಅವರು ಮಾತಾಡದೆ ಟೇಪಿನ ತುದಿ ಹಿಡಿದು ಅಂಗಳಕ್ಕೆ ಇಳಿದರು. ಎರಡು ಅಡಿ ಆಚೆ ಇತ್ತು.