ಮಳೆಗಾಲದಲ್ಲೇ ಫೀನಾಲ್ ಹಾಕಿದೆ, ಉಗುರು ಮತ್ತೆ ಬರಲಿಲ್ಲ

ಕಾಲಿನ ಹೆಬ್ಬೆರಳ ಉಗುರು ಮಾಂಸಕ್ಕೆ ಚುಚ್ಚಿ ಬೆಳೆದರೆ ಅದರ ಅಂಚು ತೆಗೆದು, ಮತ್ತೆ ಬೆಳೆಯದಂತೆ ಬೇರನ್ನು ಫೀನಾಲ್ ಎಂಬ ರಾಸಾಯನಿಕದಿಂದ ಸುಡುವುದುಂಟು. ಮಳೆಗಾಲದಲ್ಲಿ ಹೆಬ್ಬೆರಳಿಗೆ ಫೀನಾಲ್ ಮುಟ್ಟಿಸಬೇಡ, ಗಾಯ ಒಣಗೋದಿಲ್ಲ ಅಂತ ಹಿರಿಯ ವೈದ್ಯರೊಬ್ಬರು ಹೇಳಿದ್ದರು. ಆದರೆ ಕುಮಟಾದ ನನ್ನ ಕ್ಲಿನಿಕ್ಕಿಗೆ ಬರುವವರಲ್ಲಿ ಬೋಟಿನವರೇ ಜಾಸ್ತಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ಬೋಟಿಗೆ ಹೇಗೂ ನಿಷೇಧ. ದುಡಿಮೆ ಹಾಳಾಗದೆ ಕಾಲು ವಾಸಿಯಾಗಲು ಅದಕ್ಕಿಂತ ಒಳ್ಳೆಯ ಸಮಯ ಇಲ್ಲ, ಅಲ್ವಾ?

ಮೊದಲು ನಾನೂ ಇಡೀ ಉಗುರು ಕಿತ್ತು ಕಳಿಸುತ್ತಿದ್ದೆ. ನಾಲ್ಕೈದು ತಿಂಗಳಿಗೆ ಅದೇ ಮೂಲೆ ಮತ್ತೆ ಮಾಂಸಕ್ಕೆ ಚುಚ್ಚುತ್ತಿತ್ತು. ತದಡಿಯ ಒಬ್ಬರು ಮೂರು ಸಲ ಕೀಳಿಸಿಕೊಂಡರು. ಪ್ರತಿ ಸಲ ಸಾವಿರದೈನೂರು ರೂಪಾಯಿ, ಮೇಲೆ ವಾರದ ದುಡಿಮೆ ಹೋಯಿತು. ಅವರ ಮುಖ ನೋಡಲು ನನಗೇ ಸಂಕಟ.

ಆಮೇಲೆ ಉಗುರಿನ ಬದಿಯ 3-4 ಮಿ.ಮೀ. ಪಟ್ಟಿ ಮಾತ್ರ ತೆಗೆದು ಫೀನಾಲ್ ಶುರು ಮಾಡಿದೆ. ಮೊದಲ ಆರರಲ್ಲಿ ಮೂರು ಕೆಟ್ಟವು, ಮೂಲೆಯಲ್ಲಿ ಮುಳ್ಳಿನಂತೆ ಉಗುರು ಮೂಡಿತು. ಬಾಟಲಿ ಹಳೆಯದು ಅಂದುಕೊಂಡು ಹೊಸದು ತಂದೆ, ಸುಮಾರು 400 ರೂಪಾಯಿ ಹೋಯಿತು, ಫಲ ಅದೇ. ತಪ್ಪು ಇದ್ದದ್ದು ರಕ್ತದಲ್ಲಿ. ರಕ್ತ ಸೇರಿದರೆ ಫೀನಾಲ್ ಬಲ ಕಳೆದುಕೊಳ್ಳುತ್ತದೆ. ಈಗ ಗ್ಲೌಸಿನ ಬೆರಳು ಕತ್ತರಿಸಿ ಹೆಬ್ಬೆರಳಿಗೆ ಹಾಕಿ, ತುದಿಯಿಂದ ಬುಡಕ್ಕೆ ಸುರುಳಿ ಸುತ್ತಿ ರಕ್ತ ಬರದಂತೆ ಬಿಗಿ ಮಾಡುತ್ತೇನೆ. ಮರೆತು ಬಿಟ್ಟರೆ ಬೆರಳೇ ಹೋದೀತು, ಹಾಗಾಗಿ ಕಣ್ಣಿಗೆ ಬೀಳುವಂತೆ ಆ ಸುರುಳಿಗೆ ಆರ್ಟರಿ ಫೋರ್ಸೆಪ್ಸ್ (ಚಿಮಟ) ಕಚ್ಚಿಸಿಯೇ ಇಡುವುದು. ಸುತ್ತಲ ಚರ್ಮಕ್ಕೆ ವ್ಯಾಸಲೀನ್, ಗಾಜ್ ಬಟ್ಟೆಯಿಂದ ಪೂರ್ತಿ ಒಣಗಿಸಿ, 88% ಫೀನಾಲ್ ಮೂರು ಸಲ, ಪ್ರತಿ ಸಲ ಹೊಸ ಹತ್ತಿ, ಗಡಿಯಾರ ನೋಡಿ ಒಂದೊಂದು ನಿಮಿಷ. ಕೊನೆಗೆ ಸ್ಪಿರಿಟ್ಟಿನಲ್ಲಿ ತೊಳೆಯುವುದು. ಮೂಲೆಯ ಒಳಕ್ಕೆ ಹೋಗಲು ಹತ್ತಿಯನ್ನು ಹೇಗೆ ಸುತ್ತುತ್ತೇನೆ ಅನ್ನೋದನ್ನು ಇಲ್ಲಿ ಹೇಳುವುದಿಲ್ಲ, ಅದು ಕೈಗೆ ಬರಬೇಕಾದ್ದು.

ನಡುವೆ ನಾಲ್ಕೈದು ಜನಕ್ಕೆ ಫೀನಾಲ್ ಬದಲು 10% ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ನೋಡಿದೆ. ಬೇಗ ಒಣಗಿತು, ಆದರೆ ಎಷ್ಟು ಹೊತ್ತು ಇಡಬೇಕೆಂಬ ಹದ ನನಗೆ ಸಿಗಲಿಲ್ಲ, ಬಿಟ್ಟೆ. ಸಣ್ಣ ಹುಡುಗರಿಗೆ, ದುರ್ಮಾಂಸ ಜಾಸ್ತಿ ಇಲ್ಲದಿದ್ದರೆ, ಡ್ರಿಪ್ಪಿನ ನಳಿಗೆ ಉದ್ದಕ್ಕೆ ಸೀಳಿ ಉಗುರಿನ ಅಂಚಿಗೆ ಸಿಕ್ಕಿಸಿ ಕಳಿಸಿದ್ದೂ ಇದೆ. ಕೆಲವಕ್ಕೆ ಅಷ್ಟೇ ಸಾಕಾಯಿತು.

ಗಾಯ ಮೂರ್ನಾಲ್ಕು ವಾರ ಹಳದಿ ನೀರು ಸುರಿಸುತ್ತದೆ. ಅದು ಕೀವಲ್ಲ ಅಂತ ನಾನು ಮೊದಲೇ ಹೇಳುತ್ತಿರಲಿಲ್ಲ, ಜನ ಹೆದರಿ ಬೇರೆ ಕಡೆ ಹೋಗಿ ಸುಮ್ನೆ ಆಂಟಿಬಯೋಟಿಕ್ ನುಂಗಿದರು. ಈಗ ಕಳಿಸುವ ಮುಂಚೆಯೇ ಹೇಳುತ್ತೇನೆ: ದಿನಾ ಉಪ್ಪುನೀರಲ್ಲಿ ತೊಳೆದು ಒರೆಸಿ ಗಾಜ್ ಇಡಿ, ಪ್ಲಾಸ್ಟಿಕ್ ಚೀಲ ಕಟ್ಟಬೇಡಿ, ಗಂಬೂಟು ಬೇಡವೇ ಬೇಡ. ನೋವು ದಿನೇದಿನೇ ಏರಿದರೆ, ಕೆಂಪು ಹಬ್ಬಿದರೆ ಅವತ್ತೇ ಬನ್ನಿ. ಸಕ್ಕರೆ ಕಾಯಿಲೆಯವರ ಪಾದದ ನಾಡಿ ಸಿಗದಿದ್ದರೆ ನಾನು ಕೈ ಹಾಕುವುದಿಲ್ಲ.

ಹೀಗೆ ರಕ್ತ ತಡೆದು ಮಾಡಲು ಶುರು ಮಾಡಿದ ಮೇಲೆ ಎರಡು ಮಳೆಗಾಲ ಸೇರಿ ನಲವತ್ತರ ಹತ್ತಿರ ಮಾಡಿದೆ. ಉಗುರು ಮರಳಿ ಚುಚ್ಚಿದ್ದು ಎರಡರಲ್ಲೇ. ತದಡಿಯವರಿಗೆ ಹೋದ ವರ್ಷ ಜೂನ್ ಮೊದಲ ವಾರ ಮಾಡಿದ್ದೆ, ಆಗಸ್ಟ್‌ನಲ್ಲಿ ಬೂಟು ಹಾಕಿ ಬೋಟು ಹತ್ತಿದರು. ಮೊನ್ನೆ ಬಂಗಡೆ ತಂದುಕೊಟ್ಟಾಗ ಬೆರಳು ನೋಡಿದೆ, ಮೂಲೆ ಖಾಲಿ.