ಶಾಲೆಯ ಲ್ಯಾಪ್‌ಟಾಪ್ ವಿಷಯಕ್ಕೆ ಆಸ್ಟಿನ್‌ಗೆ ಹೊರಟವರಿಗೆ

ಟೆಕ್ಸಸ್‌ನಲ್ಲಿರುವ ಕನ್ನಡಿಗರೇ, ಇಲ್ಲಿನ ಶಾಸನಸಭೆ ರಾಜಧಾನಿ ಆಸ್ಟಿನ್‌ನಲ್ಲಿ ಎರಡು ವರ್ಷಕ್ಕೊಮ್ಮೆ ಸೇರುತ್ತದೆ. ಅದೂ 140 ದಿನ ಮಾತ್ರ. ಬೆಸ ಸಂಖ್ಯೆಯ ವರ್ಷದಲ್ಲಿ, ಜನವರಿಯ ಎರಡನೇ ಮಂಗಳವಾರ ಶುರು. ಮೇ ಕೊನೆಗೋ ಜೂನ್ ಮೊದಲಿಗೋ ಮುಗಿಯುತ್ತದೆ. ನಡುವೆ ಗವರ್ನರ್ ವಿಶೇಷ ಅಧಿವೇಶನ ಕರೆಯಬಹುದು, ಆದರೆ ಅಲ್ಲಿ ಯಾವ ವಿಷಯ ಬರಬೇಕೆಂದು ಹೇಳುವವರೂ ಅವರೇ. ಬೆಂಗಳೂರಿನ ಅಧಿವೇಶನ ತಪ್ಪಿದರೆ ಬೆಳಗಾವಿಯದ್ದು ಇದೆ ಅನ್ನುವ ಲೆಕ್ಕ ಇಲ್ಲಿ ನಡೆಯಲ್ಲ.

ನನಗೆ ಇದು ಗೊತ್ತಾಗಿದ್ದು ತಡವಾಗಿ. ಮಗಳಿಗೆ ಶಾಲೆಯವರು ಕೊಟ್ಟ ಲ್ಯಾಪ್‌ಟಾಪ್ ಕೆಟ್ಟು ಆರು ವಾರ ರಿಪೇರಿಗೆ ಹೋಗಿತ್ತು. ಬದಲಿಗೆ ಬೇರೆ ಕೊಡಲಿಲ್ಲ. ಸಿಟ್ಟಿನಲ್ಲಿ ನಮ್ಮ ಶಾಸಕರಿಗೆ ಎರಡು ಪುಟದ ಇಮೇಲ್ ಬರೆದೆ. ಇದಕ್ಕೊಂದು ಕಾನೂನು ತನ್ನಿ ಅಂತ. ಅದು 2023ರ ಏಪ್ರಿಲ್ ಕೊನೆ. ಅವರ ಕಚೇರಿಯಿಂದ ಮರ್ಯಾದೆಯ ಉತ್ತರವೇ ಬಂತು: ಸಾಮಾನ್ಯ ಮಸೂದೆ ಸಲ್ಲಿಸಲು 60ನೇ ದಿನ ಕಡೆಯ ದಿನ, ಅದು ಮಾರ್ಚ್‌ನಲ್ಲೇ ಮುಗಿದಿದೆ. ಮದುವೆಯ ಊಟ ಮುಗಿದ ಮೇಲೆ ಜಾತಕ ಹಿಡಿದು ಹೋದ ಹಾಗಾಯಿತು.

ಆಮೇಲೆ ತಿಳಿದದ್ದು ಇನ್ನೂ ದೊಡ್ಡ ವಿಷಯ. ನಾನು ತಟ್ಟಿದ ಬಾಗಿಲೇ ತಪ್ಪು. ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು, ಕೆಟ್ಟರೆ ಎಷ್ಟು ದಿನದಲ್ಲಿ ಬದಲಿ ಕೊಡಬೇಕು ಎಂದು ತೀರ್ಮಾನಿಸುವುದು ನಿಮ್ಮ ಐಎಸ್‌ಡಿ, ಅಂದರೆ ಸ್ಥಳೀಯ ಶಾಲಾ ಜಿಲ್ಲೆ. ಅದಕ್ಕೆ ಚುನಾಯಿತ ಟ್ರಸ್ಟಿಗಳ ಮಂಡಳಿ ಇದೆ. ಅವರ ಸಭೆ ನಿಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಸಾಧನಗಳಿಗೆ ದೊಡ್ಡ ಮೊತ್ತ ಬೇಕಾದಾಗ ಜಿಲ್ಲೆಯವರು ಬಾಂಡ್ ಚುನಾವಣೆ ನಡೆಸುತ್ತಾರೆ, ಅಂದರೆ ಸಾಲ ಎತ್ತಲು ಮತದಾರರ ಒಪ್ಪಿಗೆ ಕೇಳುತ್ತಾರೆ. 2019ರ ಕಾನೂನಿನ ನಂತರ ತಂತ್ರಜ್ಞಾನದ ಬಾಂಡ್ ಮತಪತ್ರದಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕು. ಕಟ್ಟಡದ ಜೊತೆ ಸೇರಿಸಿ ಪಾಸ್ ಮಾಡಿಸುವ ಹಾಗಿಲ್ಲ.

ಇನ್ನೊಂದು ಮಾತು. ಕರ್ನಾಟಕದ ಶಾಸಕರಿಗೆ ಕ್ಷೇತ್ರಾಭಿವೃದ್ಧಿ ನಿಧಿ ಇರುತ್ತದೆ, ಅದರಲ್ಲಿ ಶಾಲೆಗೆ ಹತ್ತು ಕಂಪ್ಯೂಟರ್ ಕೊಡಿಸಿ ಎಂದು ಕೇಳಿ ನಮಗೆ ಅಭ್ಯಾಸ. ಟೆಕ್ಸಸ್ ಶಾಸಕರ ಕೈಯಲ್ಲಿ ಅಂಥ ನಿಧಿ ಇಲ್ಲ. ಹಾಗೆ ಕೇಳಿದರೆ ಅವರಿಗೆ ಏನು ಹೇಳಬೇಕೆಂದೇ ತಿಳಿಯುವುದಿಲ್ಲ.

ಹಾಗಾದರೆ ಆಸ್ಟಿನ್‌ನಲ್ಲಿ ಕೇಳುವುದೇನು? ಹಣದ ಮೂಲ ಮತ್ತು ನಿಯಮ. ರಾಜ್ಯವು ಜಿಲ್ಲೆಗಳಿಗೆ ಮಕ್ಕಳ ಸಂಖ್ಯೆಯ ಲೆಕ್ಕದಲ್ಲಿ ‘ಇನ್‌ಸ್ಟ್ರಕ್ಷನಲ್ ಮೆಟೀರಿಯಲ್ಸ್ ಅಂಡ್ ಟೆಕ್ನಾಲಜಿ ಅಲಾಟ್‌ಮೆಂಟ್’ ಎಂಬ ಹಣ ಕೊಡುತ್ತದೆ. ಇದರ ಬೇರು ಶಾಲೆಗಳಿಗೆಂದೇ ಇರುವ ರಾಜ್ಯದ ಪರ್ಮನೆಂಟ್ ಸ್ಕೂಲ್ ಫಂಡ್‌ನಲ್ಲಿದೆ. 1854ರಲ್ಲಿ 20 ಲಕ್ಷ ಡಾಲರ್‌ನಿಂದ ಶುರುವಾದ ನಿಧಿ ಅದು. ಮೊದಲು ತಂತ್ರಜ್ಞಾನಕ್ಕೆಂದೇ ಪ್ರತಿ ಮಗುವಿಗೆ ವರ್ಷಕ್ಕೆ 30 ಡಾಲರ್ ಬೇರೆ ಇತ್ತು. 2011ರಲ್ಲಿ ಅದನ್ನೂ ಪಠ್ಯಪುಸ್ತಕದ ಹಣವನ್ನೂ ಒಂದೇ ಚೀಲಕ್ಕೆ ಹಾಕಿದರು. ಈಗ ಪುಸ್ತಕ, ಲ್ಯಾಪ್‌ಟಾಪ್, ಶಿಕ್ಷಕರ ತರಬೇತಿ ಎಲ್ಲವೂ ಆ ಚೀಲದಿಂದಲೇ. ಪುಸ್ತಕ ಕೊಂಡ ಮೇಲೆ ಉಳಿದರೆ ಲ್ಯಾಪ್‌ಟಾಪ್. ನನ್ನ ಮಗಳ ಆರು ವಾರದ ಕಥೆಯ ಹಿಂದೆ ಇದೂ ಇತ್ತು. ಮಂಡಳಿಯ ಮುಂದೆ ಕೇಳಬೇಕಾದ್ದು ಬದಲಿ ಲ್ಯಾಪ್‌ಟಾಪ್. ಶಾಸಕರ ಮುಂದೆ ಕೇಳಬೇಕಾದ್ದು ಆ ಚೀಲದ ಗಾತ್ರ. ಬಜೆಟ್ ಕೂಡ ಎರಡು ವರ್ಷಕ್ಕೆ ಒಟ್ಟಿಗೇ ಆಗುವುದರಿಂದ, ಒಮ್ಮೆ ತಪ್ಪಿದರೆ ಮಗು ಎರಡು ತರಗತಿ ದಾಟಿರುತ್ತದೆ.

ವೀಸಾದ ಮೇಲಿರುವವರು ಮಾತಾಡಬಹುದಾ ಎಂದು ತುಂಬಾ ಜನ ಕೇಳುತ್ತಾರೆ. ಮಾತಾಡಬಹುದು. ಎಚ್-1ಬಿ ಇರಲಿ, ಗ್ರೀನ್ ಕಾರ್ಡ್ ಇರಲಿ, ಶಾಸಕರಿಗೆ ಬರೆಯಲು, ಮಸೂದೆ ಪರಿಶೀಲಿಸುವ ಶಾಸಕರ ಕಮಿಟಿಯ ಮುಂದೆ ಹೇಳಿಕೆ ಕೊಡಲು ಪೌರತ್ವ ಬೇಕಿಲ್ಲ. ಮತ ಹಾಕಲು ಬೇಕು. ಚುನಾವಣೆಗೆ ದೇಣಿಗೆ ಮಾತ್ರ ಹುಷಾರು: ಗ್ರೀನ್ ಕಾರ್ಡ್ ಇದ್ದವರು ಕೊಡಬಹುದು, ಎಚ್-1ಬಿಯವರು ಕೊಡುವ ಹಾಗಿಲ್ಲ. ರಾಜ್ಯದ ಚುನಾವಣೆಗೂ ಈ ಫೆಡರಲ್ ಕಾನೂನು ಅನ್ವಯಿಸುತ್ತದೆ. ಸ್ನೇಹಿತರು ಕರೆದರೆಂದು ಸುಮ್ನೆ ಚೆಕ್ ಬರೆಯಬೇಡಿ.

ನಿಮಗೆ ಇಬ್ಬರು ಪ್ರತಿನಿಧಿಗಳು. ಕೆಳಮನೆಯಾದ ಹೌಸ್‌ನಲ್ಲಿ 150 ಜನರಲ್ಲಿ ಒಬ್ಬರು, ಮೇಲ್ಮನೆಯಾದ ಸೆನೆಟ್‌ನಲ್ಲಿ 31 ಜನರಲ್ಲಿ ಒಬ್ಬರು. ಒಬ್ಬ ಸೆನೆಟರ್‌ಗೆ ಒಂಬತ್ತು ಲಕ್ಷಕ್ಕೂ ಜಾಸ್ತಿ ಜನ. ವಾಷಿಂಗ್ಟನ್‌ಗೆ ಹೋಗುವ ಇಲ್ಲಿನ ಕಾಂಗ್ರೆಸ್ ಸದಸ್ಯರ ಕ್ಷೇತ್ರಕ್ಕಿಂತಲೂ ಅದು ದೊಡ್ಡದು. ‘ಹೂ ರೆಪ್ರೆಸೆಂಟ್ಸ್ ಮಿ’ ಎಂಬ ಶಾಸನಸಭೆಯ ವೆಬ್ ಪುಟದಲ್ಲಿ ಮನೆಯ ವಿಳಾಸ ಹಾಕಿದರೆ ಹೆಸರುಗಳು ಬರುತ್ತವೆ. ಆ ವಿಳಾಸವೇ ನಿಮ್ಮ ಇಮೇಲ್‌ನ ಮೊದಲ ಸಾಲು ಆಗಲಿ. ತಮ್ಮ ಕ್ಷೇತ್ರದವರಲ್ಲದವರ ಪತ್ರಕ್ಕೆ ಕಚೇರಿಗಳು ಅಷ್ಟು ಬೆಲೆ ಕೊಡುವುದಿಲ್ಲ.

ಶಾಸಕರ ಸಂಬಳ ಎಷ್ಟು ಗೊತ್ತಾ? ತಿಂಗಳಿಗೆ 600 ಡಾಲರ್. ಅಧಿವೇಶನದ ದಿನಗಳಲ್ಲಿ ಭತ್ಯೆ ಬೇರೆ. ಹಾಗಾಗಿ ಹೆಚ್ಚಿನವರಿಗೆ ವಕೀಲಿಕೆಯೋ ವ್ಯಾಪಾರವೋ ಬೇರೊಂದು ಕೆಲಸ ಇರುತ್ತದೆ. ಮಸೂದೆ ಓದಿ ಟಿಪ್ಪಣಿ ಮಾಡುವವರು ಅವರ ಕಚೇರಿಯ ಹುಡುಗ ಹುಡುಗಿಯರು. ನಮ್ಮ ಕಡೆ ಪಿ.ಎ.ಯನ್ನು ದಾಟಿ ಒಳಗೆ ಹೋದರೆ ಕೆಲಸ ಆದಂತೆ. ಇಲ್ಲಿ ಕೆಲಸ ಇರುವುದೇ ಪಿ.ಎ. ಹತ್ತಿರ. ಇಪ್ಪತ್ತೈದು ವರ್ಷದ ಹುಡುಗಿ ಎದುರು ಕೂರಿಸಿದರು ಎಂದು ಬೇಜಾರು ಮಾಡಿಕೊಳ್ಳಬೇಡಿ. ಶಾಲು, ಹಾರ, ಮೈಸೂರು ಪೇಟವನ್ನೂ ಮನೆಯಲ್ಲೇ ಬಿಡಿ. ಉಡುಗೊರೆಗೆ ಇಲ್ಲಿ ಕಾನೂನಿನ ಮಿತಿ ಇದೆ.

ಅವರ ಮುಂದೆ ಹತ್ತು ನಿಮಿಷ ಸಿಗುತ್ತದೆ. ಮಸೂದೆಯ ಸಂಖ್ಯೆ ಹೇಳಿ. ಏನು ಮಾಡಬೇಕೆಂದು ಒಂದೇ ಮಾತಿನಲ್ಲಿ ಕೇಳಿ: ಕಮಿಟಿಯಲ್ಲಿ ಪರವಾಗಿ ಮತ ಹಾಕಿ, ಅಥವಾ ಈ ಒಂದು ಪದ ಬದಲಿಸಿ. ಆಮೇಲೆ ನಿಮ್ಮ ಮಗುವಿನ ಕಥೆ, ದಿನಾಂಕದ ಜೊತೆ. ನಾವು ಐಟಿಯವರು, ಬಾಯಿ ತೆಗೆದರೆ ಸಾಫ್ಟ್‌ವೇರ್ ಬಗ್ಗೆ ಪಾಠ ಮಾಡುತ್ತೇವೆ. ಅದು ಬೇಡ. ನಿಮ್ಮ ಕಂಪನಿ ಶಾಲೆಗಳಿಗೆ ಏನಾದರೂ ಮಾರುತ್ತಿದ್ದರೆ ಮೊದಲೇ ಹೇಳಿಬಿಡಿ. ನಂತರ ಗೊತ್ತಾದರೆ ನಂಬಿಕೆ ಹೋಗುತ್ತದೆ.

ಒಂದು ಪ್ರಶ್ನೆ ಬಂದೇ ಬರುತ್ತದೆ: ಮಕ್ಕಳು ಈಗಾಗಲೇ ಸ್ಕ್ರೀನ್ ಜಾಸ್ತಿ ನೋಡುತ್ತಿಲ್ವಾ? 2025ರಲ್ಲಿ ಇದೇ ಶಾಸನಸಭೆ ಎಚ್‌ಬಿ 1481 ಎಂಬ ಮಸೂದೆಯ ಮೂಲಕ ಶಾಲೆಯ ಸಮಯದಲ್ಲಿ ಮಕ್ಕಳ ಸ್ವಂತ ಫೋನ್ ಬಳಕೆ ನಿಲ್ಲಿಸಿತು. ಶಾಲೆಯೇ ಕೊಟ್ಟ ಸಾಧನಕ್ಕೆ ಆ ನಿಷೇಧ ಇಲ್ಲ. ಆದರೆ ಗಾಳಿ ಯಾವ ಕಡೆ ಬೀಸುತ್ತಿದೆ ಎಂದು ಅರ್ಥವಾಗುತ್ತದಲ್ಲ. ನನ್ನ ಪ್ರಕಾರ ಆ ಅನುಮಾನ ತಪ್ಪೇನಲ್ಲ. ಹೆಚ್ಚು ಸ್ಕ್ರೀನ್ ಬೇಕು ಎಂದು ವಾದಿಸಲು ಹೋದವರು ಸೋಲುತ್ತಾರೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗು ಹೋಮ್‌ವರ್ಕ್ ಹೇಗೆ ಮಾಡುತ್ತದೆ ಎಂದು ಕೇಳಿ. ಅದಕ್ಕೆ ಅವರ ಬಳಿಯೂ ಸುಲಭದ ಉತ್ತರ ಇಲ್ಲ.

ಕಮಿಟಿ ಮಸೂದೆಯ ಬಗ್ಗೆ ಜನರ ಹೇಳಿಕೆ ಕೇಳುವ ವಿಚಾರಣೆಯ ದಿನ ಪೂರ್ತಿ ರಜೆ ಹಾಕಿ. ಹೌಸ್ ಕಮಿಟಿ ಐದು ದಿನ ಮೊದಲು ನೋಟಿಸ್ ಕೊಡುತ್ತದೆ, ಸೆನೆಟ್ 24 ಗಂಟೆ ಮೊದಲು ಕೊಟ್ಟರೆ ಸಾಕು. ಶಾಸನಸಭೆಯ ವೆಬ್‌ಸೈಟ್ ಟೆಕ್ಸಸ್ ಲೆಜಿಸ್ಲೇಚರ್ ಆನ್‌ಲೈನ್‌ನಲ್ಲಿ ಅಲರ್ಟ್ ಹಾಕಿಡಿ, ದುಡ್ಡು ಬೇಡ. ಡಲ್ಲಾಸ್‌ನಿಂದ ಐ-35ರಲ್ಲಿ ಸುಮಾರು 200 ಮೈಲಿ, ಆದ್ದರಿಂದ ಬೆಳಗಿನ ಜಾವವೇ ಹೊರಡಬೇಕು. ಶಾಸನಸಭೆಯ ಕಟ್ಟಡವಾದ ಕ್ಯಾಪಿಟಲ್‌ನ ಬಾಗಿಲಲ್ಲಿ ತಪಾಸಣೆಯ ಸಾಲು ಇರುತ್ತದೆ. ಬಂದೂಕಿನ ಲೈಸೆನ್ಸ್ ಇದ್ದವರಿಗೆ ಬೇರೆ ಸಾಲು, ಅವರು ಬೇಗ ಒಳಗೆ ಹೋಗುತ್ತಾರೆ. ಟೆಕ್ಸಸ್ ಅಂದರೆ ಹೀಗೇ. ಕೊಠಡಿಯ ಸಂಖ್ಯೆ ‘ಇ’ ಇಂದ ಶುರುವಾದರೆ ಅದು ನೆಲದಡಿಯ ಕಟ್ಟಡದಲ್ಲಿದೆ.

ಹೆಸರು ನೋಂದಾಯಿಸುವಾಗ ಮೂರು ಆಯ್ಕೆ: ಪರ, ವಿರೋಧ, ‘ಆನ್’. ‘ಆನ್’ ಅಂದರೆ ಯಾವ ಕಡೆಯೂ ಅಲ್ಲ, ಮಾಹಿತಿ ಕೊಡುತ್ತೇನೆ ಅಂತ. ಸಂಕೋಚಕ್ಕೆ ಅದನ್ನು ಒತ್ತಿದರೆ ನಿಮ್ಮ ಬೆಂಬಲ ಲೆಕ್ಕಕ್ಕೆ ಬರುವುದಿಲ್ಲ. ಮಾತಾಡಲು ಹೆದರಿಕೆ ಇದ್ದರೆ ಮಾತಾಡುವುದಿಲ್ಲ ಎಂದು ಗುರುತು ಹಾಕಿ, ‘ಪರ’ ಎಂದಷ್ಟೇ ದಾಖಲಿಸಬಹುದು. ಹೌಸ್ ಕಮಿಟಿಗೆ ಮನೆಯಿಂದಲೇ ಆನ್‌ಲೈನ್‌ನಲ್ಲಿ ಅಭಿಪ್ರಾಯ ಕಳಿಸುವ ದಾರಿಯೂ ಇದೆ. ಮಾತಿಗೆ ಸಿಗುವುದು ಎರಡೋ ಮೂರೋ ನಿಮಿಷ. ನಿಮ್ಮ ಸರದಿ ರಾತ್ರಿ ಹತ್ತಕ್ಕೆ ಬಂದರೂ ಆಶ್ಚರ್ಯವಿಲ್ಲ. ಚಪಾತಿ ಸುತ್ತಿಕೊಂಡು ಹೋಗಿ. ಕೊನೆಗೆ ಅಧ್ಯಕ್ಷರು ಮಸೂದೆ ‘ಪೆಂಡಿಂಗ್’ ಅನ್ನುತ್ತಾರೆ. ನಾನು ಹೇಳಿಕೆ ಕೊಡಲು ಹೋದಾಗ ಅದನ್ನು ಕೇಳಿ, ಸೋತೆವು ಎಂದುಕೊಂಡು ದಾರಿಯುದ್ದಕ್ಕೂ ಬೇಸರದಲ್ಲಿ ಬಂದೆ. ಮೊದಲ ವಿಚಾರಣೆಯ ದಿನ ಹಾಗೆ ಇಡುವುದೇ ಅಲ್ಲಿನ ವಾಡಿಕೆಯಂತೆ.

ಕನ್ನಡ ಸಂಘದ ಹೆಸರಲ್ಲಿ ಹೋಗುವವರು ಖಜಾಂಚಿಯನ್ನು ಕೇಳಿ. 501(ಸಿ)(3), ಅಂದರೆ ತೆರಿಗೆ ವಿನಾಯಿತಿ ಇರುವ ಸೇವಾ ಸಂಸ್ಥೆ, ಮಸೂದೆಗಳ ಬಗ್ಗೆ ಒಂದು ಮಿತಿಯಲ್ಲಿ ಮಾತಾಡಬಹುದು. ಯಾವ ಅಭ್ಯರ್ಥಿಯನ್ನೂ ಬೆಂಬಲಿಸುವ ಹಾಗಿಲ್ಲ. ರಾಜ್ಯೋತ್ಸವದ ವೇದಿಕೆಗೆ ಶಾಸಕರನ್ನು ಕರೆಯುವ ಮುನ್ನ ಅದು ಚುನಾವಣೆಯ ವಾರವೇ ಎಂದು ನೋಡಿಕೊಳ್ಳಿ.

ನನ್ನ ಸರದಿಯ ದಿನ ಕಮಿಟಿಯ ಸದಸ್ಯೆಯೊಬ್ಬರು ಕೇಳಿದರು, ನಿಮ್ಮ ಶಾಲಾ ಜಿಲ್ಲೆಯಲ್ಲಿ ಬದಲಿ ಲ್ಯಾಪ್‌ಟಾಪ್‌ಗಳು ಎಷ್ಟಿವೆ ಅಂತ. ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೆ. ಮರುದಿನ ಜಿಲ್ಲೆಯ ಕಚೇರಿಗೆ ಫೋನ್ ಮಾಡಿ ಸಂಖ್ಯೆ ತೆಗೆದುಕೊಂಡು ಅವರ ಸಿಬ್ಬಂದಿಗೆ ಕಳಿಸಿದೆ. ಈ ಸಲದ ಇಮೇಲ್ ಐದೇ ಸಾಲು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಶಾಲೆವಾರು ಪಟ್ಟಿ ಇದ್ದರೆ ಕಳಿಸಿ ಎಂದಿದ್ದರು.