ಬಾಲ್ಕನಿ ಅತ್ತೆ-ಮಾವನಿಗೆ, ಕಿಟಕಿಯಿಲ್ಲದ ರೂಮು ನಮಗೆ

ತಿಪಟೂರಿನಿಂದ ಅತ್ತೆ-ಮಾವ ಆರು ತಿಂಗಳಿಗೆಂದು ಅಮೆರಿಕದ ಆಸ್ಟಿನ್‌ನಲ್ಲಿರುವ ನಮ್ಮ ಮನೆಗೆ ಬಂದಿದ್ದರು. ಎರಡು ತಿಂಗಳಲ್ಲಿ ದೇವಸ್ಥಾನ, ಪಾರ್ಕು, ಕಾಸ್ಟ್‌ಕೋ ಅಂಗಡಿ ಎಲ್ಲ ಮುಗಿದು ಮಾವನಿಗೆ ಬೇಜಾರು ಶುರುವಾಯಿತು. ಮಂಡಿನೋವು ಬೇರೆ. "ಓಡಾಡೋ ಟೂರು ಬೇಡ ಕಣಮ್ಮ, ಕೂತ್ಕೊಂಡೇ ನೋಡೋದು ಏನಾದ್ರೂ ಇದ್ರೆ ಹೇಳು" ಅಂದರು. ಹಾಗೆ ಹೊಳೆದದ್ದು ಹಡಗು. 2025ರ ಮಾರ್ಚ್‌ನಲ್ಲಿ ಮಕ್ಕಳಿಗೆ ಒಂದು ವಾರ ರಜೆ ಇತ್ತು. ಆರು ಜನ, ಏಳು ರಾತ್ರಿ, ಮಯಾಮಿಯಿಂದ ಹೊರಡುವ ಐಕಾನ್ ಆಫ್ ದಿ ಸೀಸ್ ಅನ್ನುವ ಪ್ರವಾಸಿ ಹಡಗು.

ಹಡಗು ಆರಿಸೋದು ಸುಲಭವಾಯಿತು. ರೂಮು ಆರಿಸೋಕೆ ಹನ್ನೊಂದು ದಿನ ಹಿಡಿಯಿತು. ಗಂಡ ನಗುತ್ತಿದ್ದರು. ನಾನು ಸಾಫ್ಟ್‌ವೇರ್ ಟೆಸ್ಟಿಂಗ್‌ನವಳು, ಎಕ್ಸೆಲ್ ಹಾಳೆ ಇಲ್ಲದೆ ಸೋಫಾ ಕೂಡ ಕೊಂಡವಳಲ್ಲ. ಆದರೆ ಈ ಸಲ ಹಟಕ್ಕೆ ಬೇರೆ ಕಾರಣವಿತ್ತು.

ಕೆಲವು ವರ್ಷಗಳ ಹಿಂದೆ ಇನ್ನೊಂದು ಹಡಗಿನಲ್ಲಿ ಹೋಗಿದ್ದೆವು. ಬುಕ್ ಮಾಡಿಕೊಟ್ಟ ಏಜೆಂಟ್ "ಬಾಲ್ಕನಿ ಅಂದ್ರೆ ಬಾಲ್ಕನಿ ಮೇಡಂ, ಯಾವ ನಂಬರಾದ್ರೂ ಒಂದೇ" ಅಂದಿದ್ದ. ನಂಬಿದೆ. ರೂಮೇನೋ ಚೆನ್ನಾಗಿತ್ತು. ಆದರೆ ನಮ್ಮ ನೆತ್ತಿಯ ಮೇಲೇ ಬಫೆ ಹಾಲ್. ಬೆಳಗಿನ ಜಾವ ನಾಲ್ಕೂವರೆಗೆ ತಿಂಡಿಗೆ ಕುರ್ಚಿ ಜೋಡಿಸೋಕೆ ಶುರು. ಕರ್ರ್, ಕರ್ರ್. ಐದು ದಿನವೂ ಅದೇ ಸುಪ್ರಭಾತ. ದುಡ್ಡು ಕೊಟ್ಟದ್ದು ಬಾಲ್ಕನಿಗೆ, ಸಿಕ್ಕಿದ್ದು ಕುರ್ಚಿ ಸದ್ದು.

ಹಾಗಾಗಿ ಈ ಸಲ ಮೊದಲು ತೆರೆದದ್ದು ರೂಮಿನ ಫೋಟೋಗಳನ್ನಲ್ಲ, ಡೆಕ್ ನಕ್ಷೆಗಳನ್ನು. ಡೆಕ್ ಅಂದರೆ ಹಡಗಿನ ಅಂತಸ್ತು. ನಮ್ಮ ಡೆಕ್ಕಿನದು ಒಂದು, ಅದರ ಮೇಲಿನದು, ಅದರ ಕೆಳಗಿನದು. ಮೂರನ್ನೂ ಪ್ರಿಂಟ್ ತೆಗೆದು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರೆ ಎಲ್ಲ ಕಾಣುತ್ತದೆ. ಮೇಲೂ ರೂಮು, ಕೆಳಗೂ ರೂಮು ಇರುವ ಜಾಗ ಬೇಕು. ಬಫೆ, ಈಜುಕೊಳ, ಡಾನ್ಸ್ ಹಾಲ್ ನೆತ್ತಿಯ ಮೇಲಿದ್ದರೆ ಆ ನಂಬರು ಬೇಡ. ಐಕಾನ್‌ನಲ್ಲಿ ಬಫೆ 15ನೇ ಡೆಕ್‌ನಲ್ಲಿದೆ. ಹಾಗಾಗಿ 14ನೆಯದನ್ನು ನಾನು ನೋಡಲೇ ಇಲ್ಲ. ನಕ್ಷೆಯಲ್ಲಿ ಏನೂ ಬರೆಯದ ಬಿಳಿ ಜಾಗ ಇರುತ್ತದಲ್ಲ, ಅದು ಅಡುಗೆಮನೆಯೋ ಸಾಮಾನು ಕೋಣೆಯೋ ಆಗಿರಬಹುದು. ಅದರ ಪಕ್ಕವೂ ಬೇಡ ಅಂತ ಗೀಟು ಹಾಕಿದೆ. ಎರಡು ರೂಮುಗಳ ನಡುವೆ ಪುಟ್ಟ ಬಾಣದ ಗುರುತಿದ್ದರೆ ಒಳಬಾಗಿಲಿದೆ ಅಂತ ಅರ್ಥ. ಎರಡೂ ನಿಮ್ಮದೇ ಆದರೆ ಅನುಕೂಲ. ಆಚೆಯದು ಬೇರೆಯವರದಾದರೆ ಅವರ ಗೊರಕೆಯೂ ನಿಮ್ಮದೇ.

ಹಡಗಿನ ಅಳತೆ ಹೇಳದಿದ್ದರೆ ಈ ಒದ್ದಾಟ ಅರ್ಥವಾಗಲ್ಲ. ಫಿನ್‌ಲೆಂಡಿನ ತುರ್ಕುವಿನಲ್ಲಿ ಕಟ್ಟಿದ್ದು, 2024ರ ಜನವರಿ 27ಕ್ಕೆ ಮೊದಲ ಪ್ರಯಾಣ ಹೊರಟಿತು. ಉದ್ದ ಸುಮಾರು 365 ಮೀಟರ್, 20 ಡೆಕ್ಕು. ಒಂದು ರೂಮಿಗೆ ಇಬ್ಬರಂತೆ ಲೆಕ್ಕ ಹಾಕಿದರೆ 5,610 ಪ್ರಯಾಣಿಕರು, ಪೂರ್ತಿ ತುಂಬಿದರೆ 7,600. ಕೆಲಸದವರು 2,350. ಅಂದರೆ ಒಂದು ಹೋಬಳಿ ಊರೇ ನೀರಿನ ಮೇಲೆ ಹೊರಟ ಹಾಗೆ. ಊಟದ ಹಾಲ್ ಒಂದು ತುದಿ, ನಾಟಕದ ಹಾಲ್ ಇನ್ನೊಂದು ತುದಿ. ಮಂಡಿನೋವಿನ ಮಾವನಿಗೆ ರೂಮು ತುದಿಯಲ್ಲಿ ಸಿಕ್ಕರೆ ಇಡೀ ವಾರ ಕಾರಿಡಾರಿನಲ್ಲೇ ಕಳೆಯುತ್ತದೆ. ಅತ್ತೆಗೆ ಆಗುಂಬೆ ಘಾಟಿಯಲ್ಲೇ ವಾಂತಿ. ಹಡಗು ಕಡಿಮೆ ಓಲಾಡುವುದು ನಡುಭಾಗದಲ್ಲಿ, ಕೆಳಗಿನ ಡೆಕ್‌ಗಳಲ್ಲಿ. ಹಾಗಾಗಿ ನಡುಭಾಗಕ್ಕೆ ಹತ್ತಿರ, ಲಿಫ್ಟಿಗೆ ಐದಾರು ಬಾಗಿಲು ದೂರ, 9ನೇ ಡೆಕ್ಕು. ಲಿಫ್ಟಿಗೆ ಅಂಟಿಕೊಂಡ ರೂಮು ಬೇಡ, ರಾತ್ರಿ ಎರಡರ ತನಕ ಅಲ್ಲಿ ಮಾತು ನಿಲ್ಲಲ್ಲ.

ಇಷ್ಟಾದ ಮೇಲೆ ರೂಮಿನ ಬಗೆ. ಈ ಹಡಗಿನಲ್ಲಿ 28 ಬಗೆ ಇವೆ! ನಾನು ನಿಜವಾಗಿ ತೂಗಿ ನೋಡಿದ್ದು ಐದನ್ನು.

ಕಿಟಕಿಯಿಲ್ಲದ ಒಳರೂಮು ಸುಮಾರು 150 ಚದರ ಅಡಿ. ನಮ್ಮ ಲೆಕ್ಕದಲ್ಲಿ ಹತ್ತು-ಹದಿನೈದರ ರೂಮು, ಅದರಲ್ಲೇ ಬಚ್ಚಲು. ಸಮುದ್ರ ಕಾಣುವ ಬಾಲ್ಕನಿ ರೂಮು ಸುಮಾರು 200, ಜೊತೆಗೆ 50 ಚದರ ಅಡಿ ಬಾಲ್ಕನಿ. ಎರಡು ಕುರ್ಚಿ, ಒಂದು ಸಣ್ಣ ಮೇಜು ಹಿಡಿಸುತ್ತದೆ.

ಮೂರನೆಯದು ಇನ್‌ಫಿನಿಟ್ ಬಾಲ್ಕನಿ. ಇದರಲ್ಲಿ ಹೊರಗೆ ಬಾಲ್ಕನಿಯೇ ಇಲ್ಲ. ರೂಮನ್ನೇ ಹಡಗಿನ ಅಂಚಿನ ತನಕ ಎಳೆದು ದೊಡ್ಡ ಗಾಜು ಕೂರಿಸಿರುತ್ತಾರೆ. ಗುಂಡಿ ಒತ್ತಿದರೆ ಮೇಲಿನ ಅರ್ಧ ಗಾಜು ಕಾರಿನ ಕಿಟಕಿಯ ಹಾಗೆ ಕೆಳಗಿಳಿಯುತ್ತದೆ. ರೂಮು ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಗಾಜು ಇಳಿಸಿದರೆ ಏಸಿ ನಿಲ್ಲುತ್ತದೆ. ಒಬ್ಬರಿಗೆ ಗಾಳಿ ಬೇಕು, ಇನ್ನೊಬ್ಬರಿಗೆ ಮಧ್ಯಾಹ್ನದ ನಿದ್ದೆ ಬೇಕು ಅಂದರೆ ಜಗಳವೇ. ನಮ್ಮ ಮಾವ-ಅತ್ತೆ ಸರಿಯಾಗಿ ಅಂಥ ಜೋಡಿ. ಅವರಿಗೆ ಮಧ್ಯೆ ಎಳೆಯೋ ಬಾಗಿಲಿರುವ ಹಳೇ ಕಾಲದ ಬಾಲ್ಕನಿಯೇ ಸರಿ.

ಇದೇ ಬಗೆಯಲ್ಲಿ ಕುಟುಂಬಕ್ಕೆಂದು ಮಾಡಿದ ರೂಮಿನಲ್ಲಿ ಬಚ್ಚಲನ್ನು ಎರಡು ಭಾಗ ಮಾಡಿದ್ದಾರೆ. ಒಂದರಲ್ಲಿ ಟಾಯ್ಲೆಟ್ಟು, ಇನ್ನೊಂದರಲ್ಲಿ ಶವರ್. ಇದನ್ನು ಮಾಡಿದವರಿಗೆ ಕೈ ಮುಗಿಯಬೇಕು. ನಾಲ್ಕು ಜನ ಒಂದೇ ರೂಮಿನಲ್ಲಿ ಇರುವವರಿದ್ದರೆ ಮಿಕ್ಕಿದ್ದೆಲ್ಲ ಬಿಟ್ಟು ಇದೊಂದನ್ನು ನೋಡಿ. ನಾನು ನೋಡಿಯೂ ದುಡ್ಡಿನ ಮುಖ ನೋಡಿ ಬಿಟ್ಟೆ. ಅದರ ಕಥೆ ಮುಂದೆ ಹೇಳುತ್ತೇನೆ.

ನಾಲ್ಕು, ಐದು: ಹಡಗಿನ ಒಳಕ್ಕೆ ಮುಖ ಮಾಡಿದ ಬಾಲ್ಕನಿಗಳು. ಕೆಲವು 8ನೇ ಡೆಕ್‌ನ ಸೆಂಟ್ರಲ್ ಪಾರ್ಕ್ ಅನ್ನೋ ತೋಟದ ಕಡೆ, ಕೆಲವು ಸರ್ಫ್‌ಸೈಡ್ ಅನ್ನೋ ಚಿಕ್ಕ ಮಕ್ಕಳ ಆಟದ ಜಾಗದ ಕಡೆ. ಸಮುದ್ರದ ಬಾಲ್ಕನಿಗಿಂತ ಅಗ್ಗಕ್ಕೆ ಸಿಗುವುದುಂಟು. ತೋಟದಲ್ಲಿರುವುದು ನಿಜವಾದ ಗಿಡಗಳೇ. ಆದರೆ ಎದುರು ಸಾಲಿನ ಬಾಲ್ಕನಿಯವರು ನೀವು ಕಾಫಿ ಕುಡಿಯೋದನ್ನು ನೋಡುತ್ತಿರುತ್ತಾರೆ, ನೀವು ಅವರದನ್ನು. ಪರದೆ ಎಳೆದೇ ಇರಬೇಕಾದರೆ ಬಾಲ್ಕನಿ ಯಾಕೆ? ಸರ್ಫ್‌ಸೈಡ್ ಕಡೆಯದು ನಾಲ್ಕೈದು ವರ್ಷದ ಮಕ್ಕಳಿದ್ದರೆ ಬಂಗಾರ. ನನ್ನವರು ಹನ್ನೆರಡು ಮತ್ತು ಒಂಬತ್ತು. ಅಲ್ಲಿಗೆ ಕರೆದರೆ ಅವಮಾನ ಅಂದುಕೊಳ್ಳುವ ವಯಸ್ಸು.

ಸುಮ್ನೆ ಹೊಟ್ಟೆಕಿಚ್ಚಿಗೆ ಅತಿ ದುಬಾರಿ ರೂಮನ್ನೂ ನೋಡಿದೆ. ಅಲ್ಟಿಮೇಟ್ ಫ್ಯಾಮಿಲಿ ಟೌನ್‌ಹೌಸ್ ಅಂತೆ. ಮೂರು ಅಂತಸ್ತು, 1,700 ಚದರ ಅಡಿಗೂ ಜಾಸ್ತಿ, ಮೇಲಿಂದ ಕೆಳಕ್ಕೆ ಜಾರುಬಂಡೆ. ತಿಪಟೂರಿನಲ್ಲಿ ಮಾವ ಮನೆ ಕಟ್ಟಿದ್ದು ಮೂವತ್ತು-ನಲವತ್ತರ ಸೈಟಿನಲ್ಲಿ. ಆ ಸೈಟೇ 1,200 ಚದರ ಅಡಿ. "ನೀರಿನ ಮೇಲೆ ಇದಕ್ಕಿಂತ ದೊಡ್ಡ ಮನೆನಾ" ಅಂತ ಫೋನನ್ನು ಕನ್ನಡಕದ ಹತ್ತಿರ ತಂದು ನೋಡಿದರು.

ಕೊನೆಗೆ ಗೆದ್ದದ್ದು ಹಾಳೆಯಲ್ಲಿ ತಡವಾಗಿ ಸೇರಿಸಿದ ಒಂದು ಕಾಲಂ: "ಹಗಲು ಎಷ್ಟು ಗಂಟೆ ರೂಮಿನಲ್ಲಿರುತ್ತಾರೆ?" ಅತ್ತೆ-ಮಾವ ಎಂಟು ಗಂಟೆಯಾದರೂ ಇರುತ್ತಾರೆ. ಮಕ್ಕಳು ಅರ್ಧ ಗಂಟೆ, ಅದೂ ಚಡ್ಡಿ ಬದಲಿಸೋಕೆ. ಆರೂ ಜನಕ್ಕೆ ಬಾಲ್ಕನಿ ತೆಗೆದುಕೊಂಡರೆ ಆಗುವ ಹೆಚ್ಚಿನ ಖರ್ಚು ನಮ್ಮ ನಾಲ್ವರ ವಿಮಾನ ಟಿಕೆಟ್ಟಿನಷ್ಟಿತ್ತು. ಹಾಗಾಗಿ ಅವರಿಗೆ ಸಮುದ್ರದ ಬಾಲ್ಕನಿ. ನಾವು ನಾಲ್ವರು ಅದೇ ಕಾರಿಡಾರಿನಲ್ಲಿ, ನಾಲ್ಕು ಬಾಗಿಲು ಆಚೆ, ಕಿಟಕಿಯಿಲ್ಲದ ರೂಮಿನಲ್ಲಿ. "ಗ್ಯಾರಂಟಿ" ಅನ್ನುವ ಅಗ್ಗದ ಆಯ್ಕೆಯೂ ಇತ್ತು, ರೂಮು ಕಂಪನಿಯೇ ಆರಿಸುತ್ತದೆ. ಇಷ್ಟು ನಕ್ಷೆ ಪ್ರಿಂಟ್ ಹಾಕಿದವಳಿಗೆ ಅದು ಆಗಿಬರುತ್ತಾ?

ಈಗ ಬಚ್ಚಲಿನ ಕಥೆ. ನಮ್ಮ ರೂಮಿನಲ್ಲಿ ಮಕ್ಕಳ ಹಾಸಿಗೆ ಮೇಲಿಂದ ಇಳಿಯುತ್ತಿತ್ತು. ಮೂರು ದಿನ ಅವರಿಗೆ ಹಬ್ಬ, ಸ್ಲೀಪರ್ ಬೋಗಿಯ ಅಪ್ಪರ್ ಬರ್ತ್ ಸಿಕ್ಕ ಹಾಗೆ. ಬಚ್ಚಲು ಒಂದೇ. ಸೇಂಟ್ ಥಾಮಸ್ ದ್ವೀಪದಲ್ಲಿ ಇಳಿಯುವ ದಿನ ಮಗಳು ತಲೆಸ್ನಾನಕ್ಕೆ ಹೋದಳು, ಮಗ ಬಾಗಿಲು ಬಡಿದ, ಗಂಡ ಬ್ರಷ್ ಹಿಡಿದು ಕಾರಿಡಾರಿನಲ್ಲಿ ನಿಂತರು. ನಾನು ಟವೆಲ್ ಹೆಗಲಿಗೆ ಹಾಕಿಕೊಂಡು ಅತ್ತೆಯ ರೂಮಿಗೆ ಹೋದೆ. ಅಲ್ಲಿ ಅವರು ಸ್ನಾನ ಮುಗಿಸಿ ನಮಗಾಗಿ ಕಾದಿದ್ದರು. "ನಾಳೆಯಿಂದ ಮಕ್ಕಳನ್ನು ಇಲ್ಲಿಗೇ ಕಳಿಸಮ್ಮ" ಅಂದರು. ಅಲ್ಲಿಗೆ ನನ್ನ ಹಾಳೆ ಅರ್ಧ ಸೋತಿತು.

ಒಳರೂಮಿಗೆ ಇನ್ನೊಂದು ಗುಣವಿದೆ. ದೀಪ ಆರಿಸಿದರೆ ಗವಿಯ ಕತ್ತಲೆ. ಬೆಳಗಾದದ್ದು ಗೊತ್ತೇ ಆಗಲ್ಲ. ಮೊದಲ ದಿನ ಕಣ್ಣು ಬಿಟ್ಟಾಗ ಹತ್ತೂಕಾಲು. ಪ್ಲಗ್ಗಿಗೆ ಸಿಕ್ಕಿಸುವ ಪುಟ್ಟ ನೈಟ್ ಲ್ಯಾಂಪ್ ಒಯ್ಯಿರಿ. ಗೋಡೆಗಳು ಕಬ್ಬಿಣದವು, ಅಯಸ್ಕಾಂತದ ಕೊಕ್ಕೆ ಅಂಟುತ್ತದೆ. ನಾನು ಹನ್ನೆರಡು ಒಯ್ದಿದ್ದೆ. ಒದ್ದೆ ಬಟ್ಟೆ, ಟೋಪಿ, ಚೀಲ ಎಲ್ಲ ಗೋಡೆ ಮೇಲೆ. ನೆಲ ಖಾಲಿಯಾದರೆ ಆ ರೂಮು ಎರಡರಷ್ಟು ದೊಡ್ಡದು. ಅತ್ತೆ ಬಾಲ್ಕನಿ ಕಂಬಿಗೆ ಸೀರೆ ಒಣಹಾಕೋಕೆ ಹೊರಟಿದ್ದರು. ಹಾಗೆ ಹಾಕುವಂತಿಲ್ಲ, ಹಾಕಿದರೂ ಆ ಗಾಳಿಗೆ ಸೀರೆ ಬಹಾಮಾಸ್ ಸೇರುತ್ತಿತ್ತು.

ಅಗರಬತ್ತಿ, ಮೇಣದಬತ್ತಿ ತರುವಂತಿಲ್ಲ. ಕೆಟಲ್, ಇಸ್ತ್ರಿಪೆಟ್ಟಿಗೆ, ಎಕ್ಸ್‌ಟೆನ್ಷನ್ ಬೋರ್ಡೂ ಬೇಡ. ಹಡಗಿನಲ್ಲಿ ಬೆಂಕಿ ಅಂದರೆ ಓಡೋಕೆ ಜಾಗ ಇಲ್ಲ, ಅಲ್ವಾ. ಅತ್ತೆ ಬ್ಯಾಟರಿ ದೀಪ ಹಚ್ಚಿ, ಕಣ್ಣುಮುಚ್ಚಿ, "ಇವತ್ತಿಗೆ ಹೊಂದಿಕೋಪ್ಪ" ಅಂತ ರಾಘವೇಂದ್ರ ಸ್ವಾಮಿಗಳಿಗೆ ಹೇಳಿಬಿಟ್ಟರು. ಟಾಯ್ಲೆಟ್ಟಿನಲ್ಲಿ ಪೇಪರ್ ಮಾತ್ರ. ಮಗ್ಗು ಮರೆತಿದ್ದೆ. ಒಂದು ನೀರಿನ ಬಾಟಲಿ ವಾರವೆಲ್ಲ ಆ ಕೆಲಸ ಮಾಡಿತು. 28 ಬಗೆ ರೂಮುಗಳನ್ನು ಜಾಲಾಡಿದವಳಿಗೆ ಒಂದು ಮಗ್ಗು ನೆನಪಾಗಲಿಲ್ಲ.

ಸೌಲಭ್ಯಗಳ ಬಗ್ಗೆ ಉದ್ದ ಬರೆಯಲ್ಲ. ಏಳು ಈಜುಕೊಳ, ಆರು ನೀರಿನ ಜಾರುಬಂಡೆ, ನಾಟಕ, ಐಸ್ ಸ್ಕೇಟಿಂಗ್, ಬಫೆ, ದೊಡ್ಡ ಊಟದ ಹಾಲ್, ಇವೆಲ್ಲ ಟಿಕೆಟ್ಟಿನಲ್ಲೇ ಸೇರಿವೆ. ನಾಟಕಕ್ಕೆ ಆ್ಯಪ್‌ನಲ್ಲಿ ಮುಂಚೆಯೇ ಜಾಗ ಹಿಡಿಯಬೇಕು. ವೈಫೈ, ಮದ್ಯ, ಸ್ಪಾ, ಕೆಲವು ಹೋಟೆಲುಗಳಿಗೆ ಬೇರೆ ದುಡ್ಡು. ಟಿಪ್ಸ್ ನಾವು ಹೋದಾಗ ತಲೆಗೆ ದಿನಕ್ಕೆ 18 ಡಾಲರ್ ಚಿಲ್ಲರೆ ಇತ್ತು. ಆರು ಜನ, ಏಳು ದಿನ, ಗುಣಿಸಿ ನೋಡಿ: 750 ಡಾಲರ್ ದಾಟುತ್ತದೆ. ಒಂದು ರೂಮಿನಲ್ಲಿ ಒಬ್ಬರು ಮದ್ಯದ ಪ್ಯಾಕೇಜ್ ಕೊಂಡರೆ ಆ ರೂಮಿನ ದೊಡ್ಡವರೆಲ್ಲ ಕೊಳ್ಳಬೇಕು ಅನ್ನುವ ನಿಯಮವೂ ಇದೆ. ನಾನು ಕುಡಿಯಲ್ಲ, ಗಂಡನಿಗೆ ಎರಡು ಬಿಯರ್ ಸಾಕು. ಬಿಡಿಯಾಗಿ ಕೊಂಡದ್ದೇ ಅಗ್ಗವಾಯಿತು.

ಇದು ಲಕ್ಷುರಿನಾ ಅಂತ ತಂಗಿ ಕೇಳಿದಳು. ನನ್ನ ಪ್ರಕಾರ ಅಲ್ಲ, ಇದು ಜಾತ್ರೆ. ಒಳ್ಳೇ ಜಾತ್ರೆ. ಲಕ್ಷುರಿ ಅಂದರೆ 2023ರಲ್ಲಿ ಬಂದ ಎಕ್ಸ್‌ಪ್ಲೋರಾ ಒನ್ ಹಡಗಿನ ಥರದ್ದು. ಒಟ್ಟು 461 ಸ್ವೀಟು, ಅಂದರೆ ದೊಡ್ಡ ಐಷಾರಾಮಿ ರೂಮು, ಅತಿ ಚಿಕ್ಕದೇ 35 ಚದರ ಮೀಟರ್. ನಮ್ಮ ಒಳರೂಮಿನ ಎರಡೂವರೆ ಪಟ್ಟು. ಟಿಪ್ಸು, ಪಾನೀಯ ಎಲ್ಲ ಟಿಕೆಟ್ಟಿನಲ್ಲೇ. ಆದರೆ ನನ್ನ ಮಕ್ಕಳು ಅಲ್ಲಿ ಎರಡನೇ ದಿನಕ್ಕೆ "ಅಮ್ಮಾ, ಬೋರು" ಅನ್ನುತ್ತಿದ್ದರು.

ಊಟದ ಭಯ ಮಾತ್ರ ದಂಡವಾಯಿತು. ಮೊದಲ ರಾತ್ರಿ ಬಡಿಸಲು ಬಂದ ಹುಡುಗ ನಮ್ಮ ಮಾತು ಕೇಳಿ ನಿಂತ. ಮಂಗಳೂರಿನವನು. "ಈರುಳ್ಳಿ, ಬೆಳ್ಳುಳ್ಳಿ ತಿನ್ನುವುದಿಲ್ವಾ ಅಮ್ಮ? ಒಂದು ದಿನ ಮೊದಲೇ ಹೇಳಿದರೆ ಆಯ್ತು, ನಾಳೆಗೆ ಮಾಡಿಸುವ" ಅಂದ. ಮರುದಿನದಿಂದ ಅತ್ತೆಗೆ ದಾಲು, ಅನ್ನ, ಬಿಸಿ ರೊಟ್ಟಿ ಬರತೊಡಗಿತು. ಮೂರನೇ ರಾತ್ರಿ ಅತ್ತೆ ಅವನಿಗೆ ಕೈಚೀಲದಿಂದ ಕೋಡುಬಳೆ ತೆಗೆದುಕೊಟ್ಟರು.

ಮಾವ ಹಡಗಿನ ಅರ್ಧಭಾಗ ನೋಡಲೇ ಇಲ್ಲ. ಬಾಲ್ಕನಿಯ ಎಡಗಡೆ ಕುರ್ಚಿ ಅವರದು. ಸಂಜೆಯಾದರೆ ನಾವು ಆರೂ ಜನ ಅಲ್ಲೇ, ಮಕ್ಕಳು ನೆಲದ ಮೇಲೆ, ನಾನು ಹೊಸ್ತಿಲ ಮೇಲೆ. ಕೊನೆಯ ಸಂಜೆ ಕೋಕೋಕೇ ದ್ವೀಪ ಬಿಟ್ಟ ಮೇಲೆ ಕತ್ತಲಾಗುವ ತನಕ ಯಾರೂ ಏಳಲಿಲ್ಲ.

ಈಗ ತಂಗಿ ಹೊರಟಿದ್ದಾಳೆ. ಇದೇ ಮಾದರಿಯ ಸ್ಟಾರ್ ಆಫ್ ದಿ ಸೀಸ್, 2025ರ ಆಗಸ್ಟಿನಿಂದ ಪೋರ್ಟ್ ಕೆನವೆರಲ್‌ನಿಂದ ಹೊರಡುತ್ತಿದೆ. ನನ್ನ ಹಾಳೆ ಕೇಳಿದಳು, ಕಳಿಸಿದೆ. ಎರಡು ಬದಲಾವಣೆ ಮಾಡಿದ್ದೇನೆ. ಎರಡು ಭಾಗದ ಬಚ್ಚಲಿಗೆ ಹತ್ತು ಅಂಕ ಜಾಸ್ತಿ. ಮೊದಲ ಸಾಲಿನಲ್ಲಿ, ಕೆಂಪು ಅಕ್ಷರದಲ್ಲಿ, ಮಗ್ಗು.